ಕಡಲ ಕೆಸರಿನ ಉಸಿರು

ನಾನು ಸಮುದ್ರ ಕಂಡವಳಲ್ಲ. ನಮ್ಮ ಕಡೆಯವರಿಗೆ ದೊಡ್ಡ ನೀರೆಂದರೆ ಭೀಮೆ, ಅದು ಬಿಟ್ಟರೆ ಕಾಗಿಣಾ. ಆದರೆ ಸಮುದ್ರದ ತಳದ ಕೆಸರು ಶಹಾಬಾದಿನ ನಮ್ಮ ಮನೆಯಲ್ಲಿ, ದೇವರ ಕೋಣೆಗೆ ಹತ್ತಿದ ಕತ್ತಲೆ ಕೋಣೆಯಲ್ಲಿ, ಕೆಲವು ವರ್ಷ ಇತ್ತು. ಅದರಲ್ಲಿ ಎಷ್ಟು ಸುಣ್ಣವಿದೆ ಎಂದು ಅಳೆಯುವ ಕೆಲಸ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ನನ್ನ ಪಾಲಿಗೆ ಬಂತು.

ಕೆಸರು ತಂದವನು ನನ್ನ ಮೈದುನ. ಹೈದರಾಬಾದಿನ ಕಾಲೇಜಿನಲ್ಲಿ ಕಲ್ಲು ಮಣ್ಣಿನ ಶಾಸ್ತ್ರ ಓದುತ್ತಿದ್ದ. ಪರದೇಶದ ಹಡಗಿನವರು ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಚುಚ್ಚಿ, ಕಬ್ಬಿನ ಜಲ್ಲೆಯ ಹಾಗೆ ಇಡಿಯಾಗಿ ಎತ್ತಿದ ಕೆಸರಿನಲ್ಲಿ ಒಂದು ಪಾಲನ್ನು ಅವನ ಪ್ರೊಫೆಸರರಿಗೆ ಕೊಟ್ಟಿದ್ದರಂತೆ. ಮೈದುನ ಅದನ್ನು ತುಂಡು ಮಾಡಿ, ಬೆರಳುದ್ದದ ಗಾಜಿನ ಕೊಳವೆಗಳಿಗೆ ತುಂಬಿ, ಬಿರಡೆ ಹಾಕಿ, ಯಾವುದು ಎಷ್ಟು ಆಳದ್ದೆಂದು ಮೇಲೆ ಬರೆದು, ಒಂದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದ್ದ. ಪೊಲೀಸ್ ಆ್ಯಕ್ಷನ್ ಆದ ವರ್ಷದ ಬೇಸಿಗೆಯಲ್ಲಿ ಹಾಸ್ಟೆಲು ಖಾಲಿಯಾಯಿತೆಂದು ಪೆಟ್ಟಿಗೆ ಹೊತ್ತು ಮನೆಗೆ ಬಂದ. ಮಳೆಗಾಲದಲ್ಲಿ, ತಕ್ಕಡಿಯನ್ನೂ ಆಸಿಡ್ಡನ್ನೂ ತರುತ್ತೇನೆಂದು ಪೆಟ್ಟಿಗೆಗೆ ಬೀಗ ಹಾಕಿ ಹೊರಟ. ವಾಡಿ ಸ್ಟೇಷನ್ನಿನಲ್ಲಿ ಅವನು ಗಾಡಿ ಹತ್ತಿದ್ದನ್ನು ನೋಡಿದವರಿದ್ದಾರೆ. ಇಳಿದದ್ದನ್ನು ನೋಡಿದವರಿಲ್ಲ.

ಹುಡುಕಿದ್ದನ್ನು ಬರೆಯುವುದಿಲ್ಲ. ಆ ಗಲಭೆಯ ವರ್ಷ ನಮ್ಮ ಸೀಮೆಯಲ್ಲಿ ಹುಡುಕದ ಮನೆ ಕಡಿಮೆ. ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ, ವಿಭೂತಿ ಹಚ್ಚಿ, ಮಣ್ಣು ಮಾಡುತ್ತಾರೆ. ದೇಹವಿಲ್ಲದೆ ಗುಣಿ ತೋಡಲು ಬರುವುದಿಲ್ಲವೆಂದು ಮನೆಯ ಗುರುಗಳಾದ ಐನೋರು ಹೇಳಿದರು. ಅತ್ತೆ ಗುಣಿಯ ಮಾತನ್ನೇ ಎತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಮಗ ಊರಿಗೆ ಹೋದವನು, ಬರುವವನು. ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಎದ್ದು, ಬೆರಳಲ್ಲಿ ಉಳಿದ ವಿಭೂತಿಯನ್ನು ಅವನ ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿ ಬರುತ್ತಿದ್ದರು. ಊಟ ಮಾತ್ರ ಅರ್ಧಕ್ಕೆ ಅರ್ಧವಾಗಿತ್ತು. ನಾನು ಬಡಿಸಿದ ರೊಟ್ಟಿ ಮುರಿದು, ಒಂದು ಚೂರು ತಿಂದು, ಉಳಿದದ್ದನ್ನು ಮುಚ್ಚಿಡುತ್ತಿದ್ದರು. ಯಾರಿಗೆಂದು ನಾನು ಕೇಳುತ್ತಿರಲಿಲ್ಲ.

ನಾಲ್ಕನೆಯ ವರ್ಷ ಯುಗಾದಿ ಕಳೆದ ಮೇಲೆ ಅವನ ಪ್ರೊಫೆಸರರು ಬಂದರು. ಕಲಬುರ್ಗಿಯ ಮುಸಲ್ಮಾನರು, ತಲೆ ನೆರೆತವರು. ಮನೆಮಾತು ದಖ್ಖನಿಯಾದರೂ ಕನ್ನಡ ನಮ್ಮಂತೆಯೇ ಆಡುತ್ತಿದ್ದರು. ಕಟ್ಟೆಯ ಮೇಲೆ ಕುಳಿತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಅಮ್ಮಾ, ಪೆಟ್ಟಿಗಿ ಕೇಳ್ಲಿಕ್ಕ ಬಂದೀನ್ರಿ. ಕೆಸರು ಕೊಟ್ಟವರು ಜವಾಬ ಕೇಳಲಿಕತ್ತಾರ. ದೀಪಾವಳಿಯೊಳಗ ಮುಗಿಸಿ ಕೊಡಲಿಲ್ಲಂದ್ರ ಬ್ಯಾರೆಯವ್ರಿಗಿ ಕೊಡ್ತಾರ. ಆಗ ನಮ್ಮ ಹುಡುಗನ ಹೆಸರು ಬರೂದಿಲ್ಲ."

"ಹೆಸರು ಎಲ್ಲಿ ಬರ್ತದ?" ಅತ್ತೆ ಬಾಗಿಲ ಹಿಂದಿನಿಂದ ಕೇಳಿದರು.

"ಅಚ್ಚಿನಾಗ ಬರ್ತದ್ರಿ. ದುನಿಯಾದಾಗ ಎಲ್ಲೆಲ್ಲಿ ಸಮುದ್ರದ ಬಗ್ಗಿ ಓದ್ತಾರೋ ಅಲ್ಲೆಲ್ಲಾ ಇರ್ತದ. ಈ ವಿಚಾರ ಹಿಡದಾಂವ ಅವ. ಅವನ ಹೆಸರಿನ ಹಿಂದ ನಂದು ಬಂದ್ರ ಸಾಕು."

ಅತ್ತೆ ಹೊಸ್ತಿಲ ತನಕ ಬಂದರು. "ಹೆಸರು ಬರ್ಲಿ. ಪೆಟ್ಟಿಗಿ ಮಾತ್ರ ಕೊಡಂಗಿಲ್ರಿ ಸಾಹೇಬ್ರ. ಅವ ಬಂದು ನನ್ನ ಕೆಸರ ಎಲ್ಲಿ ಅಂದ್ರ ನಾ ಏನ್ ಹೇಳ್ಲಿ?"

ಪ್ರೊಫೆಸರರು ಟೋಪಿಯನ್ನು ತಿರುಗಿಸುತ್ತ ಕುಳಿತರು. "ಹಂಗಾದ್ರ ಕೆಲಸಾನೇ ಪೆಟ್ಟಿಗಿ ಹತ್ರ ಬರ್ಬೇಕಾತು," ಎಂದರು.

ಅವರಿಗೆ ಆಯಿತವಾರ ಮಾತ್ರ ಬಿಡುವು. ಉಳಿದ ದಿನ ಮನೆಯಲ್ಲೇ ಯಾರಾದರೂ ಮಾಡಬೇಕು. ನಮ್ಮ ಮನೆಯವರು ಭಂಕೂರಿನ ಕಲ್ಲಿನ ಕಣಿಯಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮರು. "ನಂದು ಸುತ್ತಿಗಿ ಹಿಡಿಯೂ ಕೈರಿ. ನಾ ನೋಡಿದ್ರೇ ಗಾಜ ಒಡಿತದ," ಎಂದು ನನ್ನ ಕಡೆ ನೋಡಿದರು. ಕನ್ನಡ ಓದು ಬರಹ ನನಗೆ ಮಠದ ಶಾಲೆಯಲ್ಲಿ ಬಂದಿತ್ತು. ಜೋಳ ಹಸನು ಮಾಡಿದ ಕಣ್ಣು ಇತ್ತು. ಅಷ್ಟೇ ಬಂಡವಾಳ.

ಮುಂದಿನ ಆಯಿತವಾರ ಪ್ರೊಫೆಸರರು ಸಾಮಾನು ತಂದರು. ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಪೆಟ್ಟಿಗೆ ತೆಗೆದರು. ಅತ್ತೆ ಬಂದು ನೋಡಿದರು. ಕೊಳವೆಗಳಲ್ಲಿ ಒಣಗಿ ಗಟ್ಟಿಯಾದ ಕೆಸರು. ಕೆಲವು ಕೆನೆಯ ಬಣ್ಣ, ಕೆಲವು ಬೂದು, ಕೆಲವು ಕಂದು. ಒಂದರ ಬಿರಡೆಯ ಮೇಲೆ ಮೈದುನನ ಹೆಬ್ಬೆರಳ ಮಸಿಗುರುತು ಇನ್ನೂ ಇತ್ತು. ಅತ್ತೆ ಅದನ್ನು ಮುಟ್ಟಲಿಲ್ಲ, ನೋಡುತ್ತ ನಿಂತರು.

ಕೆಲಸದ ಕ್ರಮ ಹೀಗಿತ್ತು. ಚಾಕುವಿನ ತುದಿಯಿಂದ ಕೊಳವೆಯ ಕೆಸರನ್ನು ತುಸು ಕೆರೆದು ತೆಗೆಯಬೇಕು. ಇದ್ದಿಲ ಒಲೆಯ ಮೇಲೆ ಬಾಣಲೆಯಲ್ಲಿ ಮರಳು ಕಾಯಿಸಿ, ಮರಳಿನ ಮೇಲೆ ಬಟ್ಟಲಿಟ್ಟು ಆ ಕೆಸರನ್ನು ಒಣಗಿಸಬೇಕು. ಅಕ್ಕಸಾಲಿಗರ ತಕ್ಕಡಿಯಂಥದ್ದರಲ್ಲಿ ಪ್ರತಿ ಸಲ ಒಂದೇ ತೂಕ ತೂಗಿ, ದುಂಡು ಹೊಟ್ಟೆಯ ಗಾಜಿನ ಬುದ್ದಲಿಗೆ ಹಾಕಬೇಕು. ಅದರೊಳಗೆ ಆಸಿಡ್ ತುಂಬಿದ ಒಂದು ಪುಟ್ಟ ಶೀಶೆಯನ್ನು ಚೆಲ್ಲದ ಹಾಗೆ ನಿಲ್ಲಿಸಿ, ಬಾಯಿಗೆ ಬಿಗಿಯಾಗಿ ಬೂಚು ಹಾಕಬೇಕು. ಬೂಚಿನಿಂದ ಒಂದು ರಬ್ಬರಿನ ನಳಿಗೆ ಹೊರಟು, ಬಣ್ಣದ ನೀರು ತುಂಬಿದ, ಗೆರೆ ಹಾಕಿದ ಬಾಗುಗೊಳವೆಗೆ ಸೇರುತ್ತದೆ. ಆಮೇಲೆ ಬುದ್ದಲಿಯನ್ನು ಓರೆ ಮಾಡಿದರೆ ಆಸಿಡ್ ಕೆಸರಿನ ಮೇಲೆ ಬಿದ್ದು, ಸುಣ್ಣ ನೊರೆಗಟ್ಟಿ, ಗಾಳಿ ಎದ್ದು, ಬಣ್ಣದ ನೀರನ್ನು ತಳ್ಳುತ್ತದೆ. ಎಷ್ಟು ಗೆರೆ ತಳ್ಳಿತೋ ಅಷ್ಟು ಸುಣ್ಣ. ಬಿಸಿಲೇರಿದರೆ ಗಾಳಿ ತಾನೇ ಉಬ್ಬಿ ಲೆಕ್ಕ ತಪ್ಪುತ್ತದೆ. ಶಹಾಬಾದಿನ ಬೇಸಿಗೆ ಕೇಳಬೇಕೇ. ಆದ್ದರಿಂದ ಪೂಜೆ, ರೊಟ್ಟಿ ಮುಗಿಸಿ, ಹೊತ್ತು ಏರುವ ಮೊದಲೇ ಕೆಲಸ ಮುಗಿಸುತ್ತಿದ್ದೆ.

ಇನ್ನೊಂದು ಪಾಲು ಕೆಸರನ್ನು ನೀರಲ್ಲಿ ನೆನೆಸಿ, ಸಣ್ಣ ಕಣ್ಣಿನ ಹಿತ್ತಾಳೆ ಜರಡಿಯಲ್ಲಿ ತೊಳೆದರೆ ಚಿಪ್ಪು ಉಳಿಯುತ್ತಿದ್ದವು. ಸಾಸಿವೆಗಿಂತ ಸಣ್ಣವು. ಕರಿ ಪಾಟಿಯ ಮೇಲೆ ಹರವಿ ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಅರಳಿದ ಜೋಳದ ಅಳ್ಳಿನ ಹಾಗೆ, ಒಂದೊಂದು ಚಕ್ಕುಲಿಯ ಹಾಗೆ ಸುತ್ತಿಕೊಂಡದ್ದು. ಎಲ್ಲವೂ ಬರಿದಾದ ಮನೆಗಳು. ಒದ್ದೆ ಮಾಡಿದ ಕಡ್ಡಿಯ ತುದಿಗೆ ಹತ್ತಿಸಿ ಜಾತಿ ಜಾತಿ ಬೇರೆ ಇಡುತ್ತಿದ್ದೆ.

"ಈ ಚಪ್ಪಟಿ ಚಕ್ಕುಲಿ ಜಾತಿ ಅದಲ್ಲ, ಇದು ಬೆಚ್ಚಗಿನ ನೀರಾಗಷ್ಟೇ ಬದುಕ್ತದ," ಎಂದು ಪ್ರೊಫೆಸರರು ತೋರಿಸಿದರು. "ಇದು ಎಲ್ಲಿ ಇಲ್ಲೋ, ಸುಣ್ಣ ಎಲ್ಲಿ ಇಳದದೋ, ಆ ಕಾಲಕ್ಕ ಸಮುದ್ರ ತಣ್ಣಗಾಗಿತ್ತು ಅಂತ ನಮ್ಮ ಹುಡುಗನ ವಿಚಾರ."

"ಸಮುದ್ರ ಯಾಕ ತಣ್ಣಗಾಗ್ತದ್ರಿ?" ಎಂದು ಕೇಳಿದೆ.

ಅವರು ಬಚ್ಚಲ ಹಂಡೆಯ ಕಡೆ ಕೈ ಮಾಡಿದರು. "ಭೂಮಿಯ ನಡುವಿನ ಸೀಮಿಗಿ ಬಿಸಲು ಭಾಳ. ಆ ಕಾವು ಅಲ್ಲೇ ನಿಂತ್ರ ಅಲ್ಲಿಯವರು ಬೆಂದು ಹೋಗ್ತಾರ, ಉತ್ತರದವರು ಹೆಪ್ಪುಗಟ್ತಾರ. ಸಮುದ್ರ ಏನ್ ಮಾಡ್ತದ, ಬಿಸಿನೀರು ಮ್ಯಾಲಿಂದ ಮ್ಯಾಲೇ ಹೊತ್ತು ಒಯ್ದು ಥಂಡಿ ಸೀಮಿಗಿ ಕೊಡ್ತದ. ಕೊಟ್ಟು ತಾ ತಣ್ಣಗಾಗಿ, ಕೆಳಗ ಇಳದು, ತಳದಿಂದ ತಿರುಗಿ ಬರ್ತದ."

"ಮನಿ ಸೊಸಿ ಹಂಗ," ಎಂದರು ಅತ್ತೆ. "ಎಲ್ಲಾರ್ಗೂ ಬಿಸೀದು ಬಡಿಸಿ ತಾ ತಣ್ಣಂದು ಉಣ್ಣಾಕಿ."

ಪ್ರೊಫೆಸರರು ನಕ್ಕರು. "ಬರಾಬರ್ ಅಂದ್ರಿ ಅಮ್ಮಾ. ಹಿಂದ ಒಮ್ಮಿ ಅಲ್ಲ, ಮತ್ತ ಮತ್ತ, ಉತ್ತರದ ಸೀಮಿ ಎಲ್ಲಾ ಬರ್ಫಿನಾಗ ಮುಳುಗಿತ್ತು. ಹಿಮಯುಗ ಅಂತಾರ. ಆವಾಗ ಆ ಬಡಸೂ ಕೈ ನಿಂತಿತ್ತೋ, ಸಣ್ಣದಾಗಿತ್ತೋ, ಹಾದಿ ಬದಲಿಸಿತ್ತೋ, ಅದರ ಥಂಡಿ ನಮ್ಮ ದಕ್ಷಿಣದ ಸಮುದ್ರದ ತನಕ ಮುಟ್ಟಿತ್ತೋ ಇಲ್ಲೋ. ಈ ಕೊಳವಿಯೊಳಗ ಅದರ ಸಾಕ್ಷಿ ಅದ."

ಆಮೇಲೆ ಮೊದಲ ಸಲ ಆಸಿಡ್ ಸುರಿದು ತೋರಿಸಿದರು. ಬುದ್ದಲಿಯಲ್ಲಿ ಗುಳ್ಳೆ ಎದ್ದವು, ಬಣ್ಣದ ನೀರು ಮೆಲ್ಲಗೆ ಸರಿಯಿತು. ಅತ್ತೆ ಮುಂದೆ ಬಾಗಿ, "ಇದೇನ್ ಗಾಳಿ?" ಎಂದರು.

"ನಾವು ಉಸುರು ಬಿಡ್ತೀವಲ್ಲ, ಅದೇ ಗಾಳಿರಿ ಇದು."

ಒಂದು ಮಾತು. ಹೇಳಿದವರು ಮರೆತರು. ಕೇಳಿದವರು ಮರೆಯಲಿಲ್ಲ.

ಮೈದುನ ಕಾಲೇಜಿನಲ್ಲಿದ್ದಾಗಲೇ ಕೆಲವು ಕೊಳವೆಗಳ ಸುಣ್ಣ ಅಳೆದಿದ್ದ. ಆ ಲೆಕ್ಕ ಪ್ರೊಫೆಸರರಿಗೆ ಬಾಯಿಪಾಠವಿತ್ತು. ನನ್ನ ಕೈ ಪಳಗಲೆಂದು ಅವನ್ನೇ ಮೊದಲು ಅಳೆಸಿದರು. ನನ್ನದೂ ಅವನದೂ ಕೂಡಿತು. ಆ ದಿನ ನಾನು ಶಿವನಿಗೆ ಇನ್ನೊಂದು ಬಿಲ್ವಪತ್ರೆ ಏರಿಸಿದೆ. ಗಾಜು ಒಡೆಯಲಿಲ್ಲ, ಆಸಿಡ್ ಕೈ ಸುಡಲಿಲ್ಲ, ತೀರಿದವನ ಲೆಕ್ಕಕ್ಕೆ ನನ್ನ ಲೆಕ್ಕ ಹೊಂದಿತು. ತೀರಿದವನು ಎಂದು ಮನಸ್ಸಿನಲ್ಲೂ ಅಂದುಕೊಂಡದ್ದು ಅಂದೇ ಮೊದಲು. ಪಕ್ಕದಲ್ಲಿ ಅತ್ತೆ ಕುಳಿತಿದ್ದರು. ಮಾತು ಬಾಯಿಂದ ಹೊರಡಲಿಲ್ಲ, ಅದೂ ಒಂದು ಕೃಪೆ.

ಅತ್ತೆ ದಿನಾಲೂ ಬಂದು ಕೂಡ್ರತೊಡಗಿದರು. ಗುಳ್ಳೆ ಏಳುವಾಗ ಅವರ ಮುಖ ನೋಡಬೇಕಿತ್ತು. ನಾನು ಗೆರೆ ಓದಿ ಹೇಳಿದರೆ, "ನಿನ್ನಿಗಿಂತ ಹೆಚ್ಚದನೋ ಕಡಿಮಿ ಅದನೋ?" ಎಂದು ಕೇಳುತ್ತಿದ್ದರು. ಹೆಚ್ಚು ಎಂದರೆ ಎದ್ದು ಹೋಗಿ ಊಟಕ್ಕೆ ಕೂಡ್ರುತ್ತಿದ್ದರು. ಪೂರ್ತಿ ರೊಟ್ಟಿ ತಿನ್ನುತ್ತಿದ್ದರು. ನಮ್ಮ ಮನೆಯವರು ಬೆರಗಾದರು. "ನಮ್ಮ ಮನಿ ಲ್ಯಾಬೊರೇಟರಿ ಆತು. ಅವ್ವಗ ಹಸಿವಿ ಆಗ್ಲಿಕ್ಕೂ ಗೆರಿ ನೋಡ್ಬೇಕು, ನನಗ ರೊಟ್ಟಿ ಸಿಗ್ಲಿಕ್ಕೂ ಗೆರಿ ನೋಡ್ಬೇಕು," ಎಂದು ಚೇಷ್ಟೆ ಮಾಡಿದರು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಚೇಷ್ಟೆಯ ಮಾತು ಕೇಳಿತ್ತು.

ಕೆಲಸ ಕೆಟ್ಟದ್ದು ಮೃಗಶಿರ ಮಳೆಯ ಹೊತ್ತಿಗೆ. ಆಳದ ಕೊಳವೆಗಳನ್ನು ಅಳೆಯುತ್ತ ಹೋದ ಹಾಗೆ ಲೆಕ್ಕವೆಲ್ಲ ಮೇಲಕ್ಕೇರಿತು. ಕೆನೆ ಬಣ್ಣದ್ದರಲ್ಲೂ ಸುಣ್ಣ ಹೆಚ್ಚು, ಕಂದು ಬಣ್ಣದ್ದರಲ್ಲೂ ಹೆಚ್ಚು. ಪ್ರೊಫೆಸರರು ಅನುಮಾನಪಟ್ಟು, ಮೊದಲು ಸರಿಬಂದಿದ್ದ ಕೊಳವೆಗಳನ್ನೇ ಇನ್ನೊಮ್ಮೆ ಅಳೆಯಲು ಹೇಳಿದರು. ಅವೂ ಏರಿದ್ದವು. ಎರಡು ವಾರ ಬಿಟ್ಟು ಅಳೆದೆ. ಮತ್ತೂ ಏರಿದ್ದವು.

ಬೂಚು ಹಾಕಿಟ್ಟ ಕೊಳವೆಯಲ್ಲಿ, ಎಷ್ಟು ಸಾವಿರ ವರ್ಷದ ಹಿಂದಿನದೋ ಶಿವನಿಗೇ ಗೊತ್ತಿರುವ ಕೆಸರಿನಲ್ಲಿ, ಸುಣ್ಣ ಬೆಳೆಯುತ್ತಿತ್ತು. ಆ ಕೋಣೆಗೆ ಒಬ್ಬಳೇ ಹೋಗಲು ನನಗೆ ಮೈ ಜುಮ್ಮೆನ್ನತೊಡಗಿತು. ಹಗಲಲ್ಲೇ ಹಾಗಾಗುತ್ತಿತ್ತು. ಬಾಗಿಲಲ್ಲಿ ನಿಂತು ಪಂಚಾಕ್ಷರಿ ಅಂದುಕೊಂಡು ಒಳಗೆ ಕಾಲಿಡುತ್ತಿದ್ದೆ.

ಅತ್ತೆಗೆ ಮಾತ್ರ ಭಯವಿರಲಿಲ್ಲ. "ಏರಲಿಕತ್ತದಲ್ಲ," ಎನ್ನುತ್ತಿದ್ದರು. "ಅವ ಎಲ್ಲೋ ಅದಾನ. ಉಸುರಾಡ್ಲಿಕತ್ತಾನ. ಇಲ್ಲಂದ್ರ ಇಷ್ಟು ಉಸುರು ಎಲ್ಲಿಂದ ಬರಬೇಕು?"

ನಾನು ಬಟ್ಟಲು ತೊಳೆಯಲು ಎದ್ದು ಹೋದೆ.

ನಮ್ಮೂರಲ್ಲಿ ಸುಣ್ಣ ಎಲ್ಲಿಲ್ಲ? ಗೋಡೆ ಸುಣ್ಣದ ಕಲ್ಲು, ಮಾಳಿಗೆ ಸುಣ್ಣದ ಕಲ್ಲು, ಗಾಳಿಯಲ್ಲಿ ಕಲ್ಲಿನ ಪುಡಿ. ಪ್ರೊಫೆಸರರು ಮೊದಲು ಧೂಳನ್ನು ಹಿಡಿದರು. ಕಿಟಕಿಗಳಿಗೆ ಒದ್ದೆ ಸೀರೆ ಕಟ್ಟಿದೆವು. ಭಂಕೂರಿನಿಂದ ಬೆಳ್ಳಗೆ ಬರುವ ಮನೆಯವರನ್ನು ಅಂಗಳದಲ್ಲೇ ನಿಲ್ಲಿಸಿ ಮೈಮೇಲೆ ನೀರು ಸುರಿದೇ ಒಳಗೆ ಬಿಡುತ್ತಿದ್ದೆ. "ಕಣಿಯಾಗ ನಾ ಮುಕಾದಮ, ಮನಿಯಾಗ ಎಮ್ಮಿ," ಎನ್ನುತ್ತಿದ್ದರು. ಆಮೇಲೆ ನೀರಿನ ಮೇಲೆ ಅನುಮಾನ. ನಮ್ಮ ಬಾವಿಯ ನೀರು ಕಾಯಿಸಿದರೆ ಗಡಿಗೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಮಳೆನೀರಿನಲ್ಲೇ ಗಾಜು ತೊಳೆ ಎಂದರು. ಮಾಳಿಗೆಯಿಂದ ಇಳಿದ ನೀರು ಬೇಡ, ಅದೂ ಕಲ್ಲು ತೊಳೆದ ನೀರೇ. ಅಂಗಳದ ನಡುವೆ ಕೊಡವಿಟ್ಟು ಮುಗಿಲಿಂದ ನೇರ ಬಿದ್ದದ್ದನ್ನು ಹಿಡಿದೆ. ಆ ವರ್ಷ ಮಳೆ ಕೈಬಿಡಲಿಲ್ಲ.

ಲೆಕ್ಕ ಇಳಿಯಲಿಲ್ಲ. ಕೊನೆಗೆ ಕೆಸರೇ ಇಲ್ಲದೆ ಬರೀ ಬುದ್ದಲಿಯಲ್ಲಿ ಆಸಿಡ್ ಸುರಿದು ನೋಡಿದೆವು. ಬಣ್ಣದ ನೀರು ಅಲುಗಲಿಲ್ಲ. ಗಾಳಿ, ನೀರು, ಗಾಜು ಯಾವುದರ ತಪ್ಪೂ ಅಲ್ಲ. ಕೊಳವೆಯ ಮೇಲ್ಭಾಗದ ಕೆಸರು ತುಸು ಬಿಳಿಚಿಕೊಂಡದ್ದನ್ನು ನಾನು ತೋರಿಸಿದೆ. "ಸಮುದ್ರದ ಉಪ್ಪು. ಒಣಗಿದಂಗ ಮ್ಯಾಲ ಬರ್ತದ. ಉಪ್ಪಿಗಿ ನೊರಿ ಬರೂದಿಲ್ಲ," ಎಂದರು. ನಮ್ಮ ಹೊಲದ ಕರ್ಲು, ಸವಳು ಮಣ್ಣಿನ ಮೇಲೆ ಬಿಳುಪು ಏಳುವುದನ್ನು ನಾನೂ ಕಂಡಿದ್ದೆ. ಒಪ್ಪಿದೆ.

ಅವರನ್ನು ಹೆಚ್ಚು ಕಾಡಿದ್ದು ಕಂದು ಕೊಳವೆಗಳು. ಅವುಗಳನ್ನು ಜರಡಿ ಹಿಡಿದರೆ ಚಿಪ್ಪೇ ಇಲ್ಲ, ಚಪ್ಪಟೆ ಚಕ್ಕುಲಿಯಂತೂ ಒಂದೂ ಇಲ್ಲ. ಆದರೆ ಸುಣ್ಣ ತುಂಬ. "ಸುಣ್ಣ ಅಂದ್ರ ಚಿಪ್ಪೇ ಅಲ್ಲೇನ್ರಿ ತಂಗಿ. ಚಿಪ್ಪಿಲ್ಲ, ಸುಣ್ಣ ಅದ. ಅಂದ್ರ ಇದು ಯಾರ ಸುಣ್ಣ?" ಅವರು ಪೆಟ್ಟಿಗೆಯ ಅಂಚಿಗೆ ಕೈಯಿಟ್ಟರು. "ಎಲ್ಲಾ ಕಾಲಕ್ಕೂ ಸಮುದ್ರ ಬೆಚ್ಚಗೇ ಇತ್ತು ಅಂತ ಹೇಳ್ಲಿಕತ್ತದ ಈ ಲೆಕ್ಕ. ಹಿಮಯುಗಾನೇ ಆಗಿಲ್ಲ ಅಂದಂಗ. ಇದನ್ನ ಕಳಿಸಿದ್ರ ನಮ್ಮ ಹುಡುಗನ್ನ ನೋಡಿ ನಗ್ತಾರ. ಮುಂದಿನ ಆಯ್ತಾರ ಬರ್ತೀನಿ. ಅಷ್ಟ್ರಾಗ ತಿಳೀಲಿಲ್ಲಂದ್ರ ಮಾಲು ಕೆಟ್ಟದ ಅಂತ ತಿಳಿಸಿಬಿಡ್ತೀನಿ."

"ಆವಾಗ ಅವನ ಹೆಸರು?"

ಅವರು ಟೋಪಿ ಹಾಕಿಕೊಂಡರು.

ಮರುದಿನ ಸೋಮವಾರ. ಸೋಮವಾರದ ಪೂಜೆಯಾದ ಮೇಲೆ ಅತ್ತೆ ಕತ್ತಲೆ ಕೋಣೆಯಲ್ಲಿ ತುಸು ಹೊತ್ತು ಬಾಗಿಲು ಹಾಕಿಕೊಂಡು ಕೂಡ್ರುವುದು ವಾಡಿಕೆ. ನಾನು ಯಾವತ್ತೂ ತಡೆದವಳಲ್ಲ. ಅಂದು ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಜರಡಿ ಬೇಕಾಗಿ ಹೋದವಳು ಹೊಸ್ತಿಲಲ್ಲೇ ನಿಂತೆ.

ಪೆಟ್ಟಿಗೆ ತೆರೆದಿತ್ತು. ಅತ್ತೆ ಒಂದು ಕೊಳವೆ ಎತ್ತಿ, ಬಿರಡೆ ತೆಗೆದು, ವಿಭೂತಿಯ ಗಟ್ಟಿಯಿಂದ ಬೆರಳಲ್ಲಿ ಒರೆಸಿಕೊಂಡು, ಒಂದು ಚಿಟಿಕೆ ಒಳಗೆ ಬಿಟ್ಟರು. ಬಿರಡೆ ಹಾಕಿ, ಕೊಳವೆಯನ್ನು ಹಣೆಗೆ ಮುಟ್ಟಿಸಿಕೊಂಡು ಇಟ್ಟರು. ಇನ್ನೊಂದನ್ನು ಎತ್ತಿದರು. ಪ್ರತಿಯೊಂದಕ್ಕೂ, "ಕೂಸೂ, ತಲಿ ಎತ್ತು," ಎನ್ನುತ್ತಿದ್ದರು. ಸ್ನಾನ ಮಾಡಿಸಿದ ಮಗುವಿಗೆ ವಿಭೂತಿ ಹಚ್ಚುವಾಗ ಹೇಳುವ ಮಾತು.

ಪೆಟ್ಟಿಗೆಗೆ ಬೀಗವಿದ್ದಷ್ಟು ದಿನ ಮುಚ್ಚಳಕ್ಕೆ ಹಚ್ಚಿದ್ದರು. ಬೀಗ ತೆಗೆದ ಮೇಲೆ ಒಳಗೇ ಹಚ್ಚುತ್ತಿದ್ದರು. ಸಮುದ್ರ ತಣ್ಣಗಾದ ಕಾಲಕ್ಕೆಲ್ಲ ವಾರಕ್ಕೊಮ್ಮೆ ವಿಭೂತಿ ಹಚ್ಚಿ, ಬೆಚ್ಚಗೆ ಮಾಡಿಟ್ಟಿದ್ದರು.

ಸದ್ದು ಮಾಡದೆ ಹಿಂದೆ ಸರಿದೆ. ಅಂದು ರೊಟ್ಟಿ ಎರಡು ಸಲ ಕರಿಕಾದವು.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಕೊರಳ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. "ಹೇಳಬ್ಯಾಡ," ಎಂದರು. "ಅವ್ವ ಹೊಟ್ಟಿ ತುಂಬ ಉಣ್ಣಲಿಕತ್ತಿದ್ದು ಈಗಷ್ಟೇ. ಹೆಸರು ಹೋದ್ರ ಹೋಗ್ಲಿ. ಹೋದವನು ಹ್ಯಾಂಗೂ ಹೋಗ್ಯಾನ. ಇದ್ದಾಕಿನ್ನ ಉಳಿಸ್ಕೋಬೇಕು."

"ಸಾಹೇಬ್ರಿಗಿ?"

"ಮಾಲು ಕೆಟ್ಟದ ಅಂತ ಅವರೇ ಅಂದಾರಲ್ಲ. ಅಂದುಕೋಲಿ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾಲ್ಕು ದಿನ ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಕೋಣೆಗೆ ಹೋದಾಗಲೆಲ್ಲ ಆ ಬಿರಡೆಯ ಮೇಲಿನ ಹೆಬ್ಬೆರಳ ಗುರುತು ಕಣ್ಣಿಗೆ ಬೀಳುತ್ತಿತ್ತು. ಅವನು ಕಂಡ ಸತ್ಯ ಇದು. ಅವನ ಕೈಯಿಂದ ಉಳಿದದ್ದು ಇದೊಂದೇ. ಅದನ್ನು ಅವನ ತಾಯಿಯ ಕೈಯೇ ಅಳಿಸುತ್ತಿತ್ತು, ನಾನು ಬದಿಯಲ್ಲಿ ಕುಳಿತು ಗೆರೆ ಓದುತ್ತಿದ್ದೆ. ಒಂದು ವೇಳೆ ಅವನು ಬಂದೇ ಬಂದು ಕೇಳಿದರೆ? ಅತ್ತೆಯ ಪ್ರಶ್ನೆ ಈಗ ನನ್ನದಾಗಿತ್ತು.

ಶುಕ್ರವಾರ ಬೆಳಿಗ್ಗೆ ಅತ್ತೆ ಎಂದಿನಂತೆ ಬಂದು ಕುಳಿತರು. ನಾನು ಪೆಟ್ಟಿಗೆ ತೆಗೆಯಲಿಲ್ಲ. ನನ್ನ ಪೂಜೆಯ ವಿಭೂತಿ ಗಟ್ಟಿ ತಂದು, ಚಾಕುವಿನ ತುದಿಯಿಂದ ಕೆರೆದು, ಕೆಸರು ತೂಗುವ ತಕ್ಕಡಿಯಲ್ಲೇ ತೂಗಿದೆ. ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಕೊಂಡದ್ದು. ಅದನ್ನು ಬುದ್ದಲಿಗೆ ಹಾಕಿದೆ. ಶಿವನೇ ಇದನ್ನು ನೀನೇ ನೋಡಿಕೋ ಎಂದು ಬುದ್ದಲಿಯನ್ನು ಓರೆ ಮಾಡಿದೆ.

ಗುಳ್ಳೆ ಎದ್ದವು. ಬಣ್ಣದ ನೀರು ಸರಿಯಿತು. ಅತ್ತೆ ಎಲ್ಲವನ್ನೂ ನೋಡಿದರು. ವಿಭೂತಿಯನ್ನು ನೋಡಿದರು, ಮುಚ್ಚಿದ ಪೆಟ್ಟಿಗೆಯನ್ನು ನೋಡಿದರು, ತಮ್ಮ ಬೆರಳು ನೋಡಿಕೊಂಡರು.

"ಅಂದ್ರ ಅವನ ಉಸುರಲ್ಲ."

"ಅಲ್ರಿ ಅತ್ತಿ. ಅದು ನಿಮ್ದು."

ಗುಳ್ಳೆ ಪೂರ್ತಿ ನಿಲ್ಲುವ ತನಕ ಅವರು ಕದಲಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು ಹೋದರು. ಆ ದಿನ ಊಟಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಮಜ್ಜಿಗೆಯ ಚರಿಗೆ ಅತ್ತೆಯ ಹತ್ತಿರ ಇಟ್ಟು ಬಂದಿದ್ದೆ. ಸಂಜೆ ನೋಡಿದರೆ ಖಾಲಿಯಾಗಿತ್ತು. ಅಷ್ಟರ ಮೇಲೆ ಆ ರಾತ್ರಿ ಕಳೆದೆ.

ಆಯಿತವಾರ ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಕತ್ತಲೆ ಕೋಣೆಯಲ್ಲಿದ್ದರು. ಪೆಟ್ಟಿಗೆ ತೆರೆದು ಮುಂದಿಟ್ಟುಕೊಂಡಿದ್ದರು. ಹತ್ತಿರ ಒಂದು ಹೊಸ ಗಡಿಗೆ ಇತ್ತು.

"ನಾ ಮ್ಯಾಲಷ್ಟೇ ಹಾಕೀನಿ," ಎಂದರು. "ಒಳಗ ಮುಟ್ಟಿಲ್ಲ. ಮ್ಯಾಲಿಂದು ಕೆರದು ತಗಿ. ಒಳಗಿಂದು ಅಳಿ. ಕೆರದಿದ್ದು ಚೆಲ್ಲಬ್ಯಾಡ, ಇದರಾಗ ಹಾಕು."

ಪ್ರೊಫೆಸರರು ಬಂದಾಗ ನಾವಿಬ್ಬರೂ ಕೊಳವೆ ಕೆರೆಯುತ್ತ ಕುಳಿತಿದ್ದೆವು. ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅತ್ತೆಯೇ ಹೇಳಿದರು. "ಸಾಹೇಬ್ರ, ಅದು ಸಮುದ್ರದ ಉಪ್ಪಲ್ರಿ. ನಂದು." ಅವರಿಗೆ ಅರ್ಥವಾಗಲು ತಡವಾಯಿತು. ಅರ್ಥವಾದ ಮೇಲೆ ಕೆಳಗೆ ಕುಳಿತು, ತೋಳು ಮಡಚಿ, ತಾವೂ ಒಂದು ಕೊಳವೆ ತೆಗೆದುಕೊಂಡರು.

ಬಿಳಿಚಿದ ಪದರು ಹೋಗಿ ಒಳಗಿನ ಬಣ್ಣ ಗಟ್ಟಿಯಾಗಿ ಕಾಣುವ ತನಕ ಕೆರೆದು, ಚಾಕು ಒರೆಸಿ, ನಡುವಿನ ಕೆಸರನ್ನು ತೆಗೆದೆವು. ಮೈದುನ ಅಳೆದಿದ್ದ ಕೊಳವೆಗಳೇ ಮೊದಲು. ಲೆಕ್ಕ ಇಳಿದು ಅವನ ಗೆರೆಯ ಮೇಲೆ ಬಂದು ನಿಂತಿತು. ಆಮೇಲೆ ಒಂದು ಕಂದು ಕೊಳವೆ. ಆಸಿಡ್ ಬಿದ್ದಾಗ ಒಂದೆರಡು ಗುಳ್ಳೆ ಎದ್ದು ಸುಮ್ಮನಾದವು. ಬಣ್ಣದ ನೀರು ತುಸುವೇ ಅಲುಗಿ ನಿಂತಿತು. ಹೊರಗೆ ಅಂಗಳದ ಕೊಡಕ್ಕೆ ಹನಿ ಬೀಳುವುದು ಕೇಳುತ್ತಿತ್ತು.

"ಇದು ಥಂಡಿ ಕಾಲ," ಎಂದರು ಪ್ರೊಫೆಸರರು, ಮೆಲ್ಲಗೆ. "ನಮ್ಮ ಹುಡುಗ ಖರೇ ಅಂದಿದ್ದ."

ಅತ್ತೆ ಕೇಳಿದರು: "ಥಂಡಿ ಆದ ಮ್ಯಾಲ ಮತ್ತ ಬಿಸಿ ಆಯ್ತೇನ್ರಿ?"

"ಆಯ್ತ್ರಿ ಅಮ್ಮಾ. ಮ್ಯಾಲಿನ ಕೊಳವಿ ನೋಡ್ರಿ. ಚಪ್ಪಟಿ ಚಕ್ಕುಲಿ ತಿರುಗಿ ಬಂದದ. ಭಾಳ ವರ್ಷ ಹಿಡೀತು. ಆದ್ರ ಬಂತು."

"ಅವೇ ಬಂದ್ವೋ? ಬ್ಯಾರೇವೋ?"

ಪ್ರೊಫೆಸರರು ಕೈಯಲ್ಲಿದ್ದ ಕೊಳವೆ ಕೆಳಗಿಟ್ಟರು. "ಸತ್ತಿದ್ದು ಬರೂದಿಲ್ರಿ ಅಮ್ಮಾ. ಅದರ ಜಾತಿ ಬಂತು."

ಅತ್ತೆ ತಲೆಯಾಡಿಸಿ, ಗಡಿಗೆಯೊಳಕ್ಕೆ ಚಾಕು ಕೊಡವಿದರು.

ದೀಪಾವಳಿಗೆ ಮೊದಲೇ ಕೆಲಸ ಮುಗಿಯಿತು. ಕೆನೆ, ಕಂದು, ಕೆನೆ, ಕಂದು ಎಂದು ಬಿಸಿಯೂ ತಣ್ಣಗೂ ಒಂದರ ಮೇಲೊಂದು ಸಾಲಾಗಿ ನಿಂತವು. ಪ್ರೊಫೆಸರರು ಎಲ್ಲವನ್ನೂ ಬರೆದು, ಮೈದುನನ ಹೆಸರು ಮೊದಲು ಹಾಕಿ, ನಮ್ಮೆದುರೇ ಓದಿ ತೋರಿಸಿದರು. ಹೆಸರು ಬಿಟ್ಟು ಬೇರೆ ಯಾವುದೂ ನಮಗೆ ತಿಳಿಯಲಿಲ್ಲ. ಪೆಟ್ಟಿಗೆ ಒಯ್ಯಲೇ ಎಂದು ಅವರು ಕೇಳಲಿಲ್ಲ. "ಪೆಟ್ಟಿಗಿ ಒಯ್ರಿ," ಎಂದು ಅತ್ತೆಯೇ ಹೇಳಿದರು. "ಗಡಿಗಿ ನನಗಿರ್ಲಿ."

ಐನೋರನ್ನು ಕರೆಸಿದರು. ಗಡಿಗೆಯನ್ನು ಅವರ ಮುಂದಿಟ್ಟರು. "ದೇಹ ಇಲ್ಲ ಅಂದಿದ್ರಿ. ಇದರಾಗ ಅವ ತಂದ ಮಣ್ಣು ಅದ, ನಾ ಹಚ್ಚಿದ ವಿಭೂತಿ ಅದ. ಎರಡೂ ಬ್ಯಾರೆ ಮಾಡ್ಲಿಕ್ಕ ಬರಂಗಿಲ್ಲ. ಇದನ್ನ ಚೆಲ್ಲಲಿಕ್ಕೂ ಬರಂಗಿಲ್ಲ. ಈಗ ಹೇಳ್ರಿ, ಎಲ್ಲಿ ಇಡ್ಲಿ?"

ಐನೋರು ಗಡಿಗೆಯೊಳಗೆ ಬಹಳ ಹೊತ್ತು ನೋಡಿದರು. ಕೊನೆಗೆ, "ಸಣ್ಣ ಗುಣಿ ಸಾಕು," ಎಂದರು.

ರುದ್ರಭೂಮಿಯಲ್ಲಿ ಮಾವನವರ ಬದಿಗೆ ತೋಡಿದರು. ನಮ್ಮ ಮನೆಯವರು ಭಂಕೂರಿನಿಂದ ಒಂದು ಫರ್ಸಿ ಕಲ್ಲಿನ ಹಾಸು ತಂದಿದ್ದರು. ಅದರ ಮೈಮೇಲೆ ಅಲೆ ಅಲೆಯಾದ ಗೆರೆ ಇತ್ತು. ಇದೂ ಒಂದು ಕಾಲಕ್ಕೆ ಸಮುದ್ರದ ತಳವೇ ಎಂದು ಪ್ರೊಫೆಸರರು ಒಮ್ಮೆ ನಮ್ಮ ಪಡಸಾಲೆಯ ನೆಲ ತೋರಿಸಿ ಹೇಳಿದ್ದರು. ಹೆಸರು ಹೇಳಿರಿ ಎಂದು ಐನೋರು ಕೇಳಿದಾಗ ಅತ್ತೆ ಕೂಸು ಎನ್ನಲಿಲ್ಲ. ಪೂರ್ತಿ ಹೆಸರು ಹೇಳಿದರು. ಗಡಿಗೆ ಇಳಿಸಿ, ಪತ್ರೆ ಹಾಕಿ, ನಾವು ಮಣ್ಣು ಎಳೆದೆವು. ಪ್ರೊಫೆಸರರು ಬೇವಿನ ಗಿಡದ ಕೆಳಗೆ ದೂರ ನಿಂತಿದ್ದರು. ಅತ್ತೆ ಅವರ ಕಡೆ ತಿರುಗಿ ನೋಡಿದ ಮೇಲೆ ಹತ್ತಿರ ಬಂದರು.

"ನಮ್ಮಾಗೂ ಮೂರು ಮುಷ್ಟಿ ಮಣ್ಣು ಹಾಕ್ತಾರ್ರಿ ಅಮ್ಮಾ. ಹಾಕ್ಲೇನು?"

"ಹಾಕ್ರಿ. ನಿಮ್ಮ ಹುಡುಗಾನೇ ಅಲ್ಲೇನು ಅವ."

ಅವರು ಬಾಗಿ ಮಣ್ಣು ಹಾಕಿದರು. ಆ ವರ್ಷಗಳಲ್ಲಿ ಅವರ ಮನೆಯಿಂದಲೂ ಒಬ್ಬ ತಮ್ಮ ಹೋಗಿ ಬಂದಿರಲಿಲ್ಲವೆಂದು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯವರಿಗೆ ಹೇಳಿದರಂತೆ. ಅಷ್ಟು ದಿನ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರೂ ಒಮ್ಮೆಯೂ ಹೇಳಿರಲಿಲ್ಲ.

ಮುಂದಿನ ಸೋಮವಾರ ನಾನು ಒಲೆಯ ಮುಂದಿದ್ದೆ. ಅತ್ತೆ ಪೂಜೆ ಮುಗಿಸಿ, ಬೆರಳಲ್ಲಿ ವಿಭೂತಿ ಹಿಡಿದು, ಕಾಲಿನ ರೂಢಿಯಂತೆ ಕತ್ತಲೆ ಕೋಣೆಗೆ ಹೋದರು. ಅಲ್ಲಿ ಪೆಟ್ಟಿಗೆ ಇದ್ದ ಕಡೆ ನೆಲದ ಮೇಲೆ ಒಂದು ಚೌಕದ ಗುರುತು ಮಾತ್ರ ಇತ್ತು. ತುಸು ಹೊತ್ತು ಬಿಟ್ಟು ಹೊರಗೆ ಬಂದರು. ಆ ಚಿಟಿಕೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

ನಾನು ಹಿಟ್ಟಿನ ಕೈ ಹಿಂದೆ ಮಾಡಿ, ತಲೆ ಎತ್ತಿ ಕುಳಿತೆ.